ಸೈಲೆನ್ಸರ್ ಸುಟ್ಟ ಕಲೆಗೂ ಅಪ್ಪನ ಲಿವರ್ ರಿಪೋರ್ಟಿಗೂ ಏನ್ ಸಂಬಂಧ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ದು ದಾವಣಗೆರೆ ಹತ್ರ ಒಂದು ಹಳ್ಳಿ. ಎಂಟು ತಿಂಗಳ ಹಿಂದೆ ನನ್ನ ತಂಗಿ ಕಾಲಿಗೆ ಬೈಕ್ ಸೈಲೆನ್ಸರ್ ತಾಗಿ ಸುಟ್ಟಿತ್ತು, ಮೀನಖಂಡದ ಮೇಲೆ. ಮಾಗೋಕೆ ಐದು ವಾರ ಆಯ್ತು. ಈಗ ಆ ಜಾಗ ಉಬ್ಬಿ ಗಟ್ಟಿಯಾಗಿದೆ, ರಾತ್ರಿ ಹೊತ್ತು ಸಿಕ್ಕಾಪಟ್ಟೆ ನವೆ. ಅವತ್ತು ಬದ್ನೆಕಾಯಿ, ಮೊಟ್ಟೆ ತಿಂದಿದ್ದಕ್ಕೇ ನಂಜಾಗಿ ಹಿಂಗಾಯ್ತು ಅಂತ ಅಮ್ಮ ಈಗ್ಲೂ ಬೈತಾರೆ. ಇನ್ನೊಂದು, ಅಪ್ಪಂಗೆ 58 ವರ್ಷ, ಶುಗರ್ ಇದೆ, ಫ್ಯಾಟಿ ಲಿವರ್ ಅಂದಿದ್ರು, ಈಗ ಫೈಬ್ರೋಸ್ಕ್ಯಾನ್ ಮಾಡ್ಸಿದ್ರೆ 11.2 ಬಂದಿದೆ, ಎಫ್3 ಅಂತ ಬರೆದಿದ್ದಾರೆ, ಲಿವರಲ್ಲಿ ಕಲೆ ಆಗಿದೆ ಅಂದ್ರು. ಒಳಗಿನ ಕಲೆನೂ ಹೊರಗಿನ ಕಲೆನೂ ಒಂದೇನಾ? ಹಲ್ಲಿಗೆ ಬಾಲ ಬರತ್ತೆ, ನಮಗ್ಯಾಕೆ ಚರ್ಮ ಮೊದ್ಲಿನ ಹಂಗೆ ಬರಲ್ಲ? ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿದ್ರೆ ಎರಡೂ ಸರಿಹೋಗತ್ತೆ ಅಂತ ಒಂದು ಕಡೆ ಎರಡು ಲಕ್ಷ ಕೇಳ್ತಿದ್ದಾರೆ. ಹೋಗ್ಬಹುದಾ?

ಉತ್ತರ: ನಮಸ್ಕಾರ. ಕೊನೇ ಪ್ರಶ್ನೆಗೆ ಮೊದ್ಲು ಹೇಳಿಬಿಡ್ತೀನಿ, ದುಡ್ಡು ಕೊಡ್ಬೇಡಿ. ಯಾಕೆ ಅಂತ ಆಮೇಲೆ ಬರ್ತೀನಿ. ಇನ್ನು ಒಳಗಿನ ಕಲೆ ಹೊರಗಿನ ಕಲೆ ಒಂದೇನಾ ಅಂತ ಕೇಳಿದ್ರಲ್ಲ, ಎಷ್ಟೋ ಜನ ಡಾಕ್ಟರ್‌ಗಳೇ ಇವೆರಡನ್ನ ಒಟ್ಟಿಗೆ ಇಟ್ಟು ಯೋಚಿಸಲ್ಲ, ಯಾಕಂದ್ರೆ ಚರ್ಮ ನೋಡೋರು ಒಬ್ರು, ಲಿವರ್ ನೋಡೋರು ಇನ್ನೊಬ್ರು. ಆದ್ರೆ ನಿಮ್ಮ ತಂಗಿ ಕಾಲಲ್ಲೂ ನಿಮ್ಮ ತಂದೆಯವರ ಲಿವರಲ್ಲೂ ಕೆಲಸ ಮಾಡ್ತಿರೋದು ಹೆಚ್ಚುಕಮ್ಮಿ ಒಂದೇ ಜಾತಿ ಸೆಲ್ಲು. ಅದು ಕೆಟ್ಟ ಸೆಲ್ಲೂ ಅಲ್ಲ. ಅದಿಲ್ದಿದ್ರೆ ಒಂದು ಸಣ್ಣ ಕುಡುಗೋಲು ಗಾಯಕ್ಕೇ ನಾವು ಹೋಗಿಬಿಡ್ತಿದ್ವಿ. ತೊಂದರೆ ಏನಂದ್ರೆ ಅದಕ್ಕೆ "ಸಾಕು, ನಿಲ್ಲಿಸು" ಅನ್ನೋರು ಇಲ್ದಂಗಾಗಿರೋದು.

ಕೆರೆ ಏರಿ ಒಡೆದಾಗ ಊರವ್ರು ಏನ್ ಮಾಡ್ತಾರೆ ನೆನಪು ಮಾಡ್ಕೊಳಿ. ಕಲ್ಲು ಜೋಡಿಸಿ ಮೊದಲಿನ ಹಾಗೇ ಏರಿ ಕಟ್ಟೋಣ ಅಂತ ಯಾರೂ ಕೂರಲ್ಲ, ಮೊದ್ಲು ಸಿಕ್ಕ ಸಿಕ್ಕ ಮರಳು ಮೂಟೆ ತಂದು ಒಟ್ಟಿ ನೀರು ನಿಲ್ಲಿಸ್ತಾರೆ. ಮೈಯಲ್ಲಿ ಗಾಯ ಆದ್ರೂ ಅಷ್ಟೇ. ಪ್ಲೇಟ್‌ಲೆಟ್‌ಗಳು ಬಂದು ಅಂಟ್ಕೋತವೆ, ಫೈಬ್ರಿನ್ ಅನ್ನೋ ಬಲೆ ಹೆಣೆದು ರಕ್ತ ನಿಲ್ಲತ್ತೆ, ಅದು ನಿಮಿಷಗಳ ಲೆಕ್ಕ. ಮೊದಲ ಒಂದೆರಡು ದಿನ ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾ ಹೊಡೀತವೆ, ಆಮೇಲೆ ಮ್ಯಾಕ್ರೋಫೇಜ್ ಅನ್ನೋ ದೊಡ್ಡ ಸೆಲ್ಲುಗಳು ಬಂದು ಸತ್ತಿದ್ದೆಲ್ಲ ನುಂಗಿ ಕ್ಲೀನ್ ಮಾಡಿ, ಜೊತೆಗೇ ಪಿಡಿಜಿಎಫ್, ಟಿಜಿಎಫ್ ಬೀಟಾ ಅಂತ ಕೆಮಿಕಲ್ ಸಿಗ್ನಲ್ ಬಿಟ್ಟು "ಬನ್ರೋ ಮೇಸ್ತ್ರಿಗಳು" ಅಂತ ಕರೀತವೆ. ಆಗ ಬರೋದು ಫೈಬ್ರೋಬ್ಲಾಸ್ಟ್, ಕೊಲಾಜೆನ್ ಅನ್ನೋ ಗಟ್ಟಿ ಎಳೆ ಹೆಣೆಯೋ ಸೆಲ್ಲು. ನಾಲ್ಕೈದು ದಿನಕ್ಕೆ ಗಾಯದ ತಳದಲ್ಲಿ ದಾಳಿಂಬೆ ಕಾಳಿನ ಹಾಗೆ ಕೆಂಪು ಕೆಂಪಾಗಿ ಮಾಂಸ ಏಳತ್ತಲ್ಲ, ನಮ್ಮ ಡ್ರೆಸಿಂಗ್ ರೂಮಲ್ಲಿ ಸಿಸ್ಟರ್‌ಗಳು "ಗ್ರಾನುಲೇಶನ್ ಚೆನ್ನಾಗಿ ಬಂದಿದೆ ಸಾರ್" ಅಂತಾರೆ, ಅದೇ. ಹೊಸ ರಕ್ತನಾಳ, ಹೊಸ ಕೊಲಾಜೆನ್, ಎಲ್ಲ ಅವಸರದಲ್ಲಿ ತುಂಬಿದ್ದು. ನಿಮಗೆ ಮರಳು ಮೂಟೆ ಕಂಡ್ರೆ ಅಸಹ್ಯ ಅನ್ಸಬಹುದು, ಆದ್ರೆ ಊರು ಮುಳುಗಲಿಲ್ಲ.

ನಾನು ಪಿಜಿ ಓದೋವಾಗ ಕಲೆಯ ಒಂದು ಸ್ಲೈಡು ಮೊದಲ ಸಲ ಮೈಕ್ರೋಸ್ಕೋಪಲ್ಲಿ ನೋಡಿದ್ದು ಇನ್ನೂ ಕಣ್ಣಲ್ಲಿದೆ. ಮ್ಯಾಸನ್ಸ್ ಟ್ರೈಕ್ರೋಮ್ ಅಂತ ಒಂದು ಬಣ್ಣ ಹಾಕ್ತಾರೆ, ಕೊಲಾಜೆನ್ ನೀಲಿ ಕಾಣತ್ತೆ. ಸ್ಲೈಡಿನ ಒಂದು ಅಂಚಲ್ಲಿ ಒಳ್ಳೇ ಚರ್ಮ ಇತ್ತು, ನೀಲಿ ಎಳೆಗಳು ಬಿದಿರು ಬುಟ್ಟಿ ಹೆಣೆದ ಹಾಗೆ ಆ ಕಡೆ ಈ ಕಡೆ, ಮಧ್ಯೆ ಮಧ್ಯೆ ಕೂದಲ ಬುಡ, ಬೆವರು ಗ್ರಂಥಿ. ಸ್ಲೈಡು ಸ್ವಲ್ಪ ಸರಿಸ್ತಿದ್ದ ಹಾಗೆ ಕಲೆಯ ಜಾಗ ಬಂತು, ಎಣ್ಣೆ ಹಚ್ಚಿ ಬಾಚಿದ ತಲೆ ತರ ಎಲ್ಲಾ ಎಳೆ ಒಂದೇ ದಿಕ್ಕಿಗೆ, ಒತ್ತೊತ್ತಾಗಿ, ಒಂದು ಕೂದಲಿಲ್ಲ, ಒಂದು ಬೆವರು ಗ್ರಂಥಿ ಇಲ್ಲ. ಎರಡೂ ಕಡೆ ಇರೋದು ಕೊಲಾಜೆನ್ನೇ ಸ್ವಾಮಿ, ಹೆಣಿಗೆ ಬೇರೆ ಅಷ್ಟೇ. ಆ ಹೆಣಿಗೆಯಿಂದಾನೇ ಬಲನೂ ಬೇರೆ. ಗಾಯ ಆಗಿ ಒಂದು ವಾರಕ್ಕೆ ಆ ಜಾಗದ ಬಲ ಮಾಮೂಲಿ ಚರ್ಮದ ಶೇಕಡಾ 3ರಷ್ಟು, ಮೂರು ತಿಂಗಳಿಗೆ ಹತ್ತಿರ ಹತ್ತಿರ 80, ಅಲ್ಲಿಗೆ ನಿಂತ್ಹೋಯ್ತು. ನೂರಕ್ಕೆ ನೂರು ಯಾವತ್ತೂ ಆಗಲ್ಲ. ಹೊಟ್ಟೆ ಆಪರೇಶನ್ ಆದವ್ರಿಗೆ "ಮೂರು ತಿಂಗಳು ಕೊಡ ಎತ್ತಬೇಡಿ" ಅನ್ನೋದು ಇದಕ್ಕೇ.

ಈಗ ಅಮ್ಮನ ಬದ್ನೆಕಾಯಿ ವಿಷಯಕ್ಕೆ ಬರೋಣ. ನಂಜು ಅನ್ನೋ ಮಾತು ನಮ್ಮ ಕಡೆ ಎಷ್ಟು ಗಟ್ಟಿ ಅಂದ್ರೆ ಆಪರೇಶನ್ ಆದ ಮೇಲೆ ಮೊಟ್ಟೆ ಬೇಡ, ಬೇಳೆ ಬೇಡ, ಮೊಸರು ಬೇಡ, ಮೀನು ಬೇಡ ಅಂತ ಬರೀ ಗಂಜಿ ಉಪ್ಪಿನಕಾಯಿ ಮೇಲೆ ತಿಂಗಳುಗಟ್ಟಲೆ ಇಟ್ಟಿರೋರನ್ನ ನಾನು ವಾರ್ಡಲ್ಲಿ ನೋಡಿದೀನಿ, ಅವ್ರ ಗಾಯನೇ ಎಲ್ಲಕ್ಕಿಂತ ನಿಧಾನ. ಕೊಲಾಜೆನ್ ಅಂದ್ರೆ ಪ್ರೋಟೀನು. ಮೇಸ್ತ್ರಿ ಬಂದು ನಿಂತಿದ್ದಾನೆ, ನೀವು ಇಟ್ಟಿಗೆ ಕೊಡ್ತಿಲ್ಲ ಅಂದ್ರೆ ಏನ್ ಕಟ್ತಾನೆ? ಬದ್ನೆಕಾಯಿ ಬೇಕಿದ್ರೆ ಬಿಟ್ಕೊಳ್ಳಿ, ಅದ್ರಿಂದ ನಷ್ಟ ಇಲ್ಲ, ಆದ್ರೆ ಮೊಟ್ಟೆ ಬೇಳೆ ಬಿಡಿಸಿದ್ರೆ ನಷ್ಟ.

ಇದ್ರಲ್ಲಿ ಒಂದು ಹಳೇ ಕಥೆ ಇದೆ, ಹೇಳ್ದೆ ಮುಂದೆ ಹೋಗೋಕೆ ಮನಸ್ಸಿಲ್ಲ. 1740ರಲ್ಲಿ ಆನ್ಸನ್ ಅನ್ನೋ ಇಂಗ್ಲಿಷ್ ನೌಕಾಪಡೆ ಅಧಿಕಾರಿ ಹಡಗುಗಳನ್ನ ತಗೊಂಡು ಪ್ರಪಂಚ ಸುತ್ತೋಕೆ ಹೊರಟ. ತಿಂಗಳುಗಟ್ಟಲೆ ಹಣ್ಣು ತರಕಾರಿ ಇಲ್ಲ, ಹಡಗಿನ ತುಂಬ ಸ್ಕರ್ವಿ, ಅಂದ್ರೆ ವಿಟಮಿನ್ ಸಿ ಇಲ್ದೆ ಬರೋ ಕಾಯಿಲೆ. ಅವ್ರಲ್ಲಿ ಒಬ್ಬ ಮುದುಕ ಸೈನಿಕ ಇದ್ದ, 1690ರ ಬಾಯ್ನ್ ಯುದ್ಧದಲ್ಲಿ ಗಾಯ ಆಗಿ ಆಗ್ಲೇ ಮಾಗಿ ಐವತ್ತು ವರ್ಷ ಆಗಿತ್ತು, ಆ ಗಾಯ ಹಡಗಲ್ಲಿ ಮತ್ತೆ ಬಾಯಿ ಬಿಡ್ತು, ಯಾವತ್ತೂ ಮಾಗೇ ಇರ್ಲಿಲ್ವೇನೋ ಅನ್ನೋ ಹಾಗೆ. ಹಡಗಿನ ಪಾದ್ರಿ ಅದನ್ನ ಬರೆದಿಟ್ಟಿದ್ದಾರೆ. ಕಾರಣ ಏನಂದ್ರೆ, ಕಲೆ ಅನ್ನೋದು ಒಮ್ಮೆ ಹಾಕಿ ಬಿಟ್ಟ ಸಿಮೆಂಟ್ ಅಲ್ಲ, ಒಳಗೊಳಗೇ ಕೊಲಾಜೆನ್ ಕರಗ್ತಾ ಇರತ್ತೆ, ಹೊಸದು ಸೇರ್ತಾ ಇರತ್ತೆ. ಹೊಸದು ಗಟ್ಟಿಯಾಗೋಕೆ ವಿಟಮಿನ್ ಸಿ ಬೇಕೇಬೇಕು, ಅದು ನಿಂತ್ರೆ ಕರಗೋದು ಮಾತ್ರ ಉಳಿಯತ್ತೆ. ಇಪ್ಪತ್ತನೇ ಶತಮಾನದಲ್ಲಿ ಕ್ರಾಂಡನ್ ಅನ್ನೋ ಬಾಸ್ಟನ್ನಿನ ಯುವ ಸರ್ಜನ್ ತನ್ನ ಮೇಲೇ ಇದನ್ನ ಪ್ರಯೋಗ ಮಾಡ್ಕೊಂಡ. ಆರು ತಿಂಗಳು ವಿಟಮಿನ್ ಸಿ ಇಲ್ಲದ ಊಟ. ಮೂರು ತಿಂಗಳಾದಾಗ ಬೆನ್ನಲ್ಲಿ ಒಂದು ಗಾಯ ಮಾಡಿಸ್ಕೊಂಡ, ಮಾಮೂಲಾಗಿ ಮಾಗ್ತು. ಆರು ತಿಂಗಳಾದಾಗ ಇನ್ನೊಂದು, ಅದು ಮಾಗ್ಲಿಲ್ಲ, ವಿಟಮಿನ್ ಸಿ ಕೊಟ್ಟ ಮೇಲೆ ಮಾಗ್ತು. 1940ರಲ್ಲಿ ಅಚ್ಚಾಯ್ತು ಅದು. ಹಂಗಾಗಿ ಅಮ್ಮನಿಗೆ ಹೇಳಿ, ತಂಗಿಗೆ ದಿನಾ ಒಂದು ಸೀಬೆಹಣ್ಣೋ ನೆಲ್ಲಿಕಾಯೋ ಕೊಡ್ಲಿ, ಸಾವಿರಾರು ರೂಪಾಯಿ ಕೊಲಾಜೆನ್ ಪೌಡರ್ ಡಬ್ಬಿ ಏನೂ ಬೇಡ.

ಈ ಸುಟ್ಟ ಗಾಯ ಉಬ್ಬಿದ್ದಕ್ಕೆ ಅಸಲಿ ಕಾರಣ ನಿಮ್ಮ ಪತ್ರದಲ್ಲೇ ಇದೆ, ಆ "ಐದು ವಾರ" ಅನ್ನೋ ಮಾತಲ್ಲಿ. ಸುಟ್ಟ ಗಾಯ ಎರಡು ವಾರದೊಳಗೆ ಮುಚ್ಕೊಂಡ್ರೆ ಸಾಮಾನ್ಯವಾಗಿ ಬಣ್ಣ ಸ್ವಲ್ಪ ಬೇರೆ ಆಗತ್ತೆ ಅಷ್ಟೇ. ಮೂರು ವಾರ ದಾಟ್ತು ಅಂದ್ರೆ ಉಬ್ಬೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ಮೇಲ್ಚರ್ಮ ಮುಚ್ಚೋ ತನಕ ಕೆಳಗಿನ ಮೇಸ್ತ್ರಿಗಳು ಮೂಟೆ ಒಟ್ಟುತ್ತಲೇ ಇರ್ತಾರೆ. ಸೈಲೆನ್ಸರ್ ಬರ್ನ್ ನೋಡೋಕೆ ಅಂಗೈಯಗಲ ಇರತ್ತೆ, ಆದ್ರೆ ಕಾದ ಲೋಹ ಅಲ್ವಾ, ಆಳಕ್ಕೆ ಇಳಿದಿರತ್ತೆ, ಕೂದಲ ಬುಡ ಸಮೇತ ಸುಟ್ಟಿರತ್ತೆ. ಆ ಕೂದಲ ಬುಡದಿಂದಾನೇ ಹೊಸ ಮೇಲ್ಚರ್ಮ ಹರಡ್ಬೇಕಾಗಿರೋದು. ಅದು ಹೋದ್ರೆ ಅಂಚಿಂದ ಮಾತ್ರ ತೆವಳ್ಕೊಂಡು ಬರ್ಬೇಕು. ಇನ್ನು ಅವತ್ತು ಟೂತ್‌ಪೇಸ್ಟ್ ಹಚ್ಚಿದ್ರಾ, ಕಾಫಿಪುಡಿ ಹಾಕಿದ್ರಾ ನೀವು ಬರೆದಿಲ್ಲ, ನಾನೂ ಕೇಳಲ್ಲ. ಮುಂದಿನ ಸಲ ಯಾರಿಗಾದ್ರೂ ಆದ್ರೆ ನಲ್ಲಿ ನೀರು ಇಪ್ಪತ್ತು ನಿಮಿಷ, ಗಡಿಯಾರ ನೋಡ್ಕೊಂಡು, ಐಸ್ ಬೇಡ.

"ಗಾಳಿಗೆ ಬಿಡಿ, ಒಣಗ್ಲಿ" ಅನ್ನೋದೂ ತಪ್ಪೇ. 1962ರಲ್ಲಿ ಜಾರ್ಜ್ ವಿಂಟರ್ ಅಂತ ಲಂಡನ್ನಿನವರು ಹಂದಿ ಮರಿಗಳ ಮೈ ಮೇಲೆ ಒಂದೇ ಅಳತೆಯ ಸಣ್ಣ ಸಣ್ಣ ಗಾಯ ಮಾಡಿ, ಕೆಲವನ್ನ ಗಾಳಿಗೆ ಬಿಟ್ಟು ಕೆಲವಕ್ಕೆ ತೆಳ್ಳನೆ ಪಾಲಿಥೀನ್ ಹೊದಿಸಿದ್ರು. ಹೊದಿಸಿದ್ದು ಹೆಚ್ಚುಕಮ್ಮಿ ಎರಡು ಪಟ್ಟು ಬೇಗ ಮುಚ್ಕೊಂಡ್ವು. ಹಕ್ಕಳೆ ಕಟ್ಟಿದ್ರೆ ಹೊಸ ಸೆಲ್ಲುಗಳು ಅದರ ಕೆಳಗೆ ಹಸಿ ಜಾಗ ಹುಡ್ಕೊಂಡು ಕೊರ್ಕೊಂಡು ಹೋಗ್ಬೇಕು, ತೇವ ಇದ್ರೆ ನೇರ ಜಾರ್ಕೊಂಡು ಹೋಗ್ತವೆ. ಮುಂಬೈ ಕಡೆ ಬರ್ನ್ಸ್ ಡಾಕ್ಟರ್‌ಗಳು ದುಬಾರಿ ಡ್ರೆಸಿಂಗ್ ಕೊಳ್ಳೋಕಾಗದವ್ರಿಗೆ ಬೇಯಿಸಿದ ಆಲೂಗಡ್ಡೆ ಸಿಪ್ಪೆ, ಆಮೇಲೆ ಬಾಳೆಎಲೆ, ಎರಡನ್ನೂ ಶುದ್ಧಿ ಮಾಡಿ ಬಳಸಿ ಪೇಪರ್ ಪಬ್ಲಿಶ್ ಮಾಡಿದ್ದಾರೆ. ಬಾಳೆಎಲೆ ಅಂಟಲ್ಲ, ಕೀಳೋವಾಗ ನೋವಿಲ್ಲ, ತೇವ ಹಿಡಿದಿಡತ್ತೆ. ನಮ್ಮವ್ರು ಊಟಕ್ಕೆ ಹಾಕೋ ಎಲೆ, ನೋಡಿ. ಆದ್ರೆ ತೋಟದಿಂದ ಕುಯ್ಕೊಂಡು ಬಂದು ನೇರ ಸುತ್ತೋಕೆ ಹೋಗ್ಬೇಡಿ ಮಾರಾಯ್ರೆ.

ಸರಿ, ಉಬ್ಬೋದು ಯಾಕೆ ಅನ್ನೋದಕ್ಕೆ ಒಳಗಡೆ ಇನ್ನೂ ಒಂದು ಮಜಾ ವಿಷಯ ಇದೆ, ಇಡೀ ಫೈಬ್ರೋಸಿಸ್ (ಅಂದ್ರೆ ಅತಿಯಾಗಿ ಕಲೆ ಕಟ್ಟೋದು) ರಿಸರ್ಚ್ ನಿಂತಿರೋದೇ ಅದರ ಮೇಲೆ. 1971ರಲ್ಲಿ ಜಿನೀವಾದ ಗಬ್ಬಿಯಾನಿ ಅನ್ನೋರು ಜೊತೆಗಾರರ ಜೊತೆ ಮಾಗ್ತಿರೋ ಗಾಯ ನೋಡ್ವಾಗ ಅಲ್ಲಿನ ಫೈಬ್ರೋಬ್ಲಾಸ್ಟ್ ಒಳಗೆ ಸ್ನಾಯುವಿನಲ್ಲಿ ಇರೋ ತರದ ಎಳೆಗಳು ಕಂಡ್ವು. ಅಂದ್ರೆ ಇದು ಬರೀ ಗಾರೆ ಮೆತ್ತೋ ಸೆಲ್ಲಲ್ಲ, ಎಳೆಯೋ ಸೆಲ್ಲೂ ಹೌದು, ಗಾಯದ ಎರಡು ಅಂಚನ್ನ ಹತ್ರಕ್ಕೆ ಎಳೀತದೆ. ಅದಕ್ಕೆ ಮಯೋಫೈಬ್ರೋಬ್ಲಾಸ್ಟ್ ಅಂತ ಹೆಸರು. ಈ ಸೆಲ್ಲು ಕೆಲಸ ಮುಗಿಸಿ ಸಾಯ್ಬೇಕು. ಸಾಯ್ದೆ ಉಳಿದ್ರೆ ಎಳೀತಾನೇ ಇರತ್ತೆ, ಜಾಗ ಬಿಗಿ ಆಗತ್ತೆ. ಟಿಜಿಎಫ್ ಬೀಟಾ ಅಂದ್ನಲ್ಲ, ಅದು ಕೊಲಾಜೆನ್ ಎಳೆಗಳ ಮಧ್ಯೆ ಒಂದು ಡಬ್ಬಿಯೊಳಗೆ ಬೀಗ ಹಾಕಿ ಇಟ್ಟ ಹಾಗೆ ಇರತ್ತೆ. 2007ರಲ್ಲಿ ಬೋರಿಸ್ ಹಿಂಜ್ ಗುಂಪು ತೋರಿಸಿದ್ದು ಏನಂದ್ರೆ, ಸುತ್ತಲಿನ ಜಾಗ ಗಟ್ಟಿ ಇದ್ದಾಗ ಮಯೋಫೈಬ್ರೋಬ್ಲಾಸ್ಟ್ ಎಳೆದ ರಭಸಕ್ಕೇ ಆ ಡಬ್ಬಿ ಬಾಯಿ ತೆರೀತದೆ. ಒಳಗಿಂದ ಬಂದ ಟಿಜಿಎಫ್ ಬೀಟಾ ಇನ್ನಷ್ಟು ಮಯೋಫೈಬ್ರೋಬ್ಲಾಸ್ಟ್ ಮಾಡತ್ತೆ, ಅವು ಇನ್ನಷ್ಟು ಎಳೀತವೆ, ಜಾಗ ಇನ್ನಷ್ಟು ಗಟ್ಟಿ, ಇನ್ನಷ್ಟು ಡಬ್ಬಿ ತೆರೀತವೆ. ಮೆತ್ತಗಿರೋ ಜಾಗದಲ್ಲಿ ಎಷ್ಟು ಎಳೆದ್ರೂ ತೆರಿಯಲ್ಲ, ಏನು ಎಳೆದ್ರೂ ಜಗ್ಗಿಕೊಂಡು ಬರತ್ತೆ ಅಷ್ಟೇ. ಎದೆ ಮೂಳೆ ಮೇಲೆ, ಭುಜದ ಮೇಲೆ, ಸದಾ ಚರ್ಮ ಬಿಗಿಯಾಗಿ ಎಳೆದಿರೋ ಕಡೆ ಕಲೆ ದಪ್ಪ ಆಗೋದು, ಅದೇ ಕಣ್ಣು ರೆಪ್ಪೆ ಮೇಲೆ ಆಪರೇಶನ್ ಮಾಡಿದ್ರೆ ವರ್ಷದ ಮೇಲೆ ಹುಡುಕಿದ್ರೂ ಗೆರೆ ಸಿಗದೇ ಇರೋದು, ಇದಕ್ಕೆ.

ನವೆ ವಿಷಯ. ಬೆಂಗಳೂರಿನ ಇನ್‌ಸ್ಟೆಮ್ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿ ಕಾಲಿನ್ ಜಮೋರಾ ಅವ್ರ ಗುಂಪು 2018ರಲ್ಲಿ ಚರ್ಮದ ಫೈಬ್ರೋಸಿಸ್ ಇರೋ ಇಲಿಗಳಲ್ಲಿ ಒಂದು ಕೆಲಸ ಮಾಡ್ತು, ಫೈಬ್ರೋಬ್ಲಾಸ್ಟ್‌ಗೆ ಮಾಸ್ಟ್ ಸೆಲ್‌ಗಳು ಬಂದು ಅಂಟ್ಕೊಳ್ಳೋದಕ್ಕೆ ಪಿಎಐ1 ಅನ್ನೋ ಪ್ರೋಟೀನು ದಾರಿ ಮಾಡಿಕೊಡತ್ತೆ, ಅದರಿಂದ ಫೈಬ್ರೋಸಿಸ್ ಮುಂದುವರಿಯತ್ತೆ ಅಂತ. ಈ ಮಾಸ್ಟ್ ಸೆಲ್ಲೇ ಹಿಸ್ಟಮೀನ್ ಬಿಡೋದು, ಪಿತ್ತದ ಗಂಧೆ ಏಳ್ಸೋ ಅದೇ ಹಿಸ್ಟಮೀನು. ಉಬ್ಬಿದ ಕಲೆ ತುರಿಸೋದ್ರಲ್ಲಿ ಅದರ ಕೈವಾಡ ಇದೆ. ನವೆ ಇದೆ ಅಂದ್ರೆ ಕಲೆ ಇನ್ನೂ ಚುರುಕಾಗಿದೆ ಅಂತ ಅರ್ಥ ಮಾಡ್ಕೊಳ್ಳಿ, ಅದು ಒಂಥರ ಒಳ್ಳೇ ಸುದ್ದಿನೂ ಹೌದು, ಚುರುಕಾಗಿರೋ ಕಲೆ ಮೇಲೆ ಟ್ರೀಟ್‌ಮೆಂಟ್ ಕೆಲಸ ಮಾಡತ್ತೆ.

ತಂಗಿದು ಹೈಪರ್‌ಟ್ರೋಫಿಕ್ ಕಲೆನಾ ಕೀಲಾಯ್ಡಾ ಅಂತ ಮೊದ್ಲು ತಿಳ್ಕೋಬೇಕು. ಸುಟ್ಟ ಗಡಿ ಒಳಗೇ ಉಬ್ಬಿದ್ರೆ ಹೈಪರ್‌ಟ್ರೋಫಿಕ್, ಗಡಿ ದಾಟಿ ಒಳ್ಳೇ ಚರ್ಮದ ಮೇಲೆ ಏಡಿ ಕಾಲು ಚಾಚಿದ ಹಾಗೆ ಹೋಗಿದ್ರೆ ಕೀಲಾಯ್ಡ್. ನಮ್ಮಂಥ ಕಪ್ಪು ಮೈಬಣ್ಣದವ್ರಲ್ಲಿ ಕೀಲಾಯ್ಡ್ ಜಾಸ್ತಿ. ಆದ್ರೆ ಮೀನಖಂಡದಲ್ಲಿ, ಅದೂ ಸುಟ್ಟ ಗಾಯಕ್ಕೆ, ಐದು ವಾರ ಮಾಗಿದ್ದಕ್ಕೆ ಅಂದ್ರೆ ನನ್ನ ಅಂದಾಜು ಹೈಪರ್‌ಟ್ರೋಫಿಕ್, ಇದು ಒಂದೂವರೆ ವರ್ಷದೊಳಗೆ ತಾನಾಗೇ ಸ್ವಲ್ಪ ತಗ್ಗತ್ತೆ. ಸಿಲಿಕೋನ್ ಶೀಟ್ ಅಂತ ಮೆಡಿಕಲ್ ಶಾಪಲ್ಲಿ ಸಿಗತ್ತೆ, ದಿನಕ್ಕೆ 12 ಗಂಟೆಗಿಂತ ಜಾಸ್ತಿ ಕನಿಷ್ಠ ಮೂರು ತಿಂಗಳು ಅಂಟಿಸ್ಕೋಬೇಕು, ದಿನಾ ತೊಳೆದು ಮತ್ತೆ ಅದನ್ನೇ ಹಾಕ್ಬಹುದು. ಅದರ ಮೇಲೆ ಹದವಾಗಿ ಒತ್ತೋ ಸಾಕ್ಸ್. ಇಷ್ಟಕ್ಕೂ ಜಗ್ಗದಿದ್ರೆ ಸ್ಕಿನ್ ಡಾಕ್ಟರ್ ಹತ್ರ ನಾಲ್ಕರಿಂದ ಆರು ವಾರಕ್ಕೊಂದು ಟ್ರಯಾಮ್ಸಿನೊಲೋನ್ ಇಂಜೆಕ್ಷನ್, ಕಲೆ ಒಳಗೇ ಚುಚ್ತಾರೆ, ನೋವಾಗತ್ತೆ, ಮೊದ್ಲೇ ಹೇಳ್ತಿದೀನಿ. ಕೆಲವರಿಗೆ ಆ ಜಾಗ ಬೆಳ್ಳಗಾಗತ್ತೆ, ಚರ್ಮ ತೆಳ್ಳಗಾಗತ್ತೆ, ನಮ್ಮ ಮೈಬಣ್ಣಕ್ಕೆ ಅದು ಎದ್ದು ಕಾಣತ್ತೆ, ಅದನ್ನ ಕೇಳಿ ತಿಳ್ಕೊಂಡೇ ಮಾಡಿಸ್ಲಿ. "ಕೊಯ್ದು ತೆಗೆದುಬಿಡಿ" ಅಂತ ಮಾತ್ರ ಹಠ ಮಾಡ್ಬೇಡಿ, ಒಂದು ವೇಳೆ ಕೀಲಾಯ್ಡ್ ಆಗಿದ್ರೆ ಬರೀ ಕೊಯ್ದಷ್ಟಕ್ಕೆ ಬಿಟ್ರೆ ಹೆಚ್ಚಿನವ್ರಲ್ಲಿ ವಾಪಸ್ ಬರತ್ತೆ, ಬರೋವಾಗ ಮೊದ್ಲಿಗಿಂತ ದೊಡ್ಡದಾಗೂ ಬರಬಹುದು.

ಹಲ್ಲಿ ಬಾಲ! ಈ ಪ್ರಶ್ನೆ ಕೇಳದ ಸ್ಟೂಡೆಂಟ್ ಇಲ್ಲ. ಹಲ್ಲಿಗೆ ಬರೋ ಎರಡನೇ ಬಾಲ ಅಸಲಿ ಅಲ್ಲ, ಗೊತ್ತಾ? ಮೊದಲ ಬಾಲದಲ್ಲಿ ಬೆನ್ನುಮೂಳೆಯ ಗಿಣ್ಣು ಗಿಣ್ಣು ಇರತ್ತೆ, ಹೊಸದರಲ್ಲಿ ಬರೀ ಮೃದ್ವಸ್ಥಿಯ ಒಂದು ಕೊಳವೆ. ಗೋಡೆ ಮೇಲಿನ ಹಲ್ಲಿ ಸರಿಯಾಗಿ ನೋಡಿ, ಬಾಲ ಕಳ್ಕೊಂಡಿದ್ದು ಆಗಿದ್ರೆ ಒಂದು ಕಡೆಯಿಂದ ಬಣ್ಣ, ಚುಕ್ಕಿ ಬೇರೆ ಆಗಿರತ್ತೆ. ಪಕ್ಕಾ ಅಂದ್ರೆ ಆಕ್ಸೊಲಾಟಲ್ ಅನ್ನೋ ಮೆಕ್ಸಿಕೋದ ನೀರು ಪ್ರಾಣಿ, ಕಾಲು ಕತ್ತರಿಸಿದ್ರೆ ಮೂಳೆ, ಸ್ನಾಯು, ಬೆರಳು ಸಮೇತ ಕಾಲೇ ಬರತ್ತೆ. ಅದರ ಮ್ಯಾಕ್ರೋಫೇಜ್‌ಗಳನ್ನ ಮೊದ್ಲೇ ನಾಶ ಮಾಡಿ ಕಾಲು ಕತ್ತರಿಸಿದ್ರೆ ಏನಾಗತ್ತೆ ಅಂತ 2013ರಲ್ಲಿ ಆಸ್ಟ್ರೇಲಿಯಾದಲ್ಲಿ ನೋಡಿದ್ರು. ಕಾಲು ಬರ್ಲಿಲ್ಲ, ನಮಗೆ ಬರೋ ತರ ಕಲೆ ಬಂತು. ಮ್ಯಾಕ್ರೋಫೇಜ್ ಅಂದ್ರೆ ಉರಿಯೂತದ ಸೆಲ್ಲು. ಅಲ್ಲಿ ತನಕ ಉರಿಯೂತ ಅಂದ್ರೆ ಹೋದ ಭಾಗ ಮತ್ತೆ ಬೆಳೆಯೋದಕ್ಕೆ ಶತ್ರು ಅಂತಲೇ ಬಹಳಷ್ಟು ಜನ ಅಂದ್ಕೊಂಡಿದ್ದು, ಅದು ಅಷ್ಟು ಸರಳ ಅಲ್ಲ ಅಂತಾಯ್ತು. ಕೀನ್ಯಾದಲ್ಲಿ ಮುಳ್ಳು ಕೂದಲಿನ ಒಂದು ಇಲಿ ಇದೆ, ಅಕೋಮಿಸ್, ಹಾವೋ ಹದ್ದೋ ಹಿಡಿದ್ರೆ ಬೆನ್ನಿನ ಚರ್ಮನೇ ಕಳಚಿ ಬಿಟ್ಟು ಓಡತ್ತೆ. ಆಶ್ಲಿ ಸೈಫರ್ಟ್ ಅವ್ರ ಗುಂಪು 2012ರಲ್ಲಿ ಬರೆದಿದ್ದು, ಬೆನ್ನಿನ ಚರ್ಮದ ಶೇಕಡಾ 60ರ ತನಕ ಹೋದ್ರೂ ಕೂದಲು ಸಮೇತ ವಾಪಸ್ ಬರತ್ತೆ, ಕಿವಿಯಲ್ಲಿ 4 ಮಿಲಿಮೀಟರ್ ತೂತು ಮಾಡಿದ್ರೂ ಮುಚ್ಕೊಂಡುಬಿಡತ್ತೆ. ಹಲ್ಲಿ ಅಲ್ಲ, ಕಪ್ಪೆ ಅಲ್ಲ, ನಮ್ಮ ಹಾಗೇ ಹಾಲು ಕುಡಿಸೋ ಪ್ರಾಣಿ. ಹಂಗಾಗಿ "ನಮ್ಮ ಜಾತಿಗೆ ಆಗಲ್ಲ ಬಿಡು" ಅನ್ನೋ ಮಾತು ಬಿದ್ದೋಯ್ತು.

ಇನ್ನೂ ಹತ್ರ ಬೇಕಾ? ನೀವೂ ಒಂದು ಕಾಲದಲ್ಲಿ ಕಲೆ ಇಲ್ದೆ ಮಾಗ್ತಿದ್ರಿ, ಅಮ್ಮನ ಹೊಟ್ಟೆಯಲ್ಲಿದ್ದಾಗ. ಸುಮಾರು 24 ವಾರದ ಒಳಗಿನ ಭ್ರೂಣದ ಚರ್ಮಕ್ಕೆ ಗಾಯ ಆದ್ರೆ ಗುರುತೇ ಉಳಿಯಲ್ಲ. ಇದನ್ನ ಹಿಡ್ಕೊಂಡು ಮ್ಯಾಂಚೆಸ್ಟರ್‌ನ ಮಾರ್ಕ್ ಫರ್ಗುಸನ್ ಅವ್ರು ಭ್ರೂಣದಲ್ಲಿ ಟಿಜಿಎಫ್ ಬೀಟಾ 3 ಅನ್ನೋ ತಮ್ಮ ಜಾಸ್ತಿ, ದೊಡ್ಡವ್ರ ಗಾಯದಲ್ಲಿ ಟಿಜಿಎಫ್ ಬೀಟಾ 1 ಅನ್ನೋ ಅಣ್ಣ ಜಾಸ್ತಿ ಅಂತ ನೋಡಿ, ತಮ್ಮನನ್ನೇ ಔಷಧಿ ಮಾಡಿದ್ರು, ಜುವಿಸ್ಟಾ ಅಂತ. ಶುರುವಿನ ಟ್ರಯಲ್‌ಗಳು ಚೆನ್ನಾಗಿದ್ವು, ಎಲ್ಲರೂ ಕಲೆ ಇಲ್ಲದ ಸರ್ಜರಿ ಬಂದೇಬಿಡ್ತು ಅಂದ್ರು, 2011ರಲ್ಲಿ ಮೂರನೇ ಹಂತದಲ್ಲಿ ಫೇಲ್ ಆಯ್ತು. ಈಗ ಜನ ಜಾಸ್ತಿ ಮಾತಾಡೋದು ಸ್ಟ್ಯಾನ್‌ಫರ್ಡ್‌ನ ಲಾಂಗೇಕರ್ ಗುಂಪಿನ ಕೆಲಸ. ಫೈಬ್ರೋಬ್ಲಾಸ್ಟ್ ಎಲ್ಲಾ ಒಂದೇ ಅಲ್ಲ, ಇಲಿ ಬೆನ್ನಲ್ಲಿ ಎಂಗ್ರೇಲ್ಡ್ 1 ಅನ್ನೋ ಜೀನ್ ಆನ್ ಆದ ವಂಶದವೇ ಕಲೆ ಮಾಡೋವು ಅಂತ 2015ರಲ್ಲಿ ತೋರಿಸಿದ್ರು. 2021ರಲ್ಲಿ, ಎಳೆತ ಗೊತ್ತಾದಾಗ ಒಳಗೆ ಆನ್ ಆಗೋ ವೈಎಪಿ ಅನ್ನೋ ಸ್ವಿಚ್ಚನ್ನ ವರ್ಟೆಪೋರ್ಫಿನ್ ಅನ್ನೋ ಕಣ್ಣಿನ ಹಳೇ ಔಷಧಿಯಿಂದ ಆಫ್ ಮಾಡಿದ್ರು. ಇಲಿಯ ಗಾಯ ಕೂದಲು, ಗ್ರಂಥಿ ಸಮೇತ ಮಾಗ್ತು. ಗಮನಿಸಿ, ಅವ್ರು ಹೊಸದೇನೂ ಸೇರಿಸ್ಲಿಲ್ಲ, "ಎಳೀತಿದೆ" ಅನ್ನೋ ಸುದ್ದಿ ಸೆಲ್ಲಿಗೆ ಮುಟ್ಟದ ಹಾಗೆ ಮಾಡಿದ್ರು ಅಷ್ಟೇ. ಆದ್ರೆ ಇಲಿ ಅಂದ್ರೆ ಇಲಿ. ಅದರ ಚರ್ಮದ ಕೆಳಗೆ ಒಂದು ತೆಳು ಸ್ನಾಯು ಪದರ ಇದೆ, ಗಾಯ ಆದ ತಕ್ಷಣ ಅಡಿಕೆ ಚೀಲದ ದಾರ ಎಳೆದ ಹಾಗೆ ಮುಚ್ಕೊಂಡುಬಿಡತ್ತೆ. ಪ್ರಯೋಗ ಮಾಡೋರು ಗಾಯದ ಸುತ್ತ ಸಿಲಿಕೋನ್ ರಿಂಗ್ ಹೊಲಿದು ಅದನ್ನ ತಡೀಬೇಕಾಗತ್ತೆ. ಇಲಿಯಲ್ಲಿ ಗೆದ್ದು ನಮ್ಮಲ್ಲಿ ಸೋತ ಗಾಯದ ಮದ್ದುಗಳ ಪಟ್ಟಿ ಉದ್ದ ಇದೆ, ಹಾಗಾಗಿ ಪೇಪರಲ್ಲಿ ಸುದ್ದಿ ಬಂತು ಅಂತ ಆ ಔಷಧಿ ಹುಡ್ಕೊಂಡು ಹೋಗ್ಬೇಡಿ.

ಈಗ ಅಪ್ಪನ ಲಿವರ್. ರಿಪೋರ್ಟಲ್ಲಿರೋ ಎಫ್ ಅಂದ್ರೆ ಫೈಬ್ರೋಸಿಸ್ ಹಂತ, ಎಫ್3 ಆದ್ಮೇಲಿನ ಎಫ್4 ಅಂದ್ರೆ ಸಿರೋಸಿಸ್, ಲಿವರ್ ತುಂಬ ಕಲೆ ಕಟ್ಟಿ ಗಟ್ಟಿಯಾಗೋದು. ನಿಮ್ಮ ಪತ್ರದಲ್ಲಿ ನನಗೆ ನಿಜವಾಗ್ಲೂ ಮುಖ್ಯ ಅನ್ಸಿದ್ದು ಇದೇ, ತಂಗಿ ಕಲೆ ಕಣ್ಣಿಗೆ ಕಾಣತ್ತೆ ಅಂತ ಮನೆಯವ್ರೆಲ್ಲ ಅದರ ಹಿಂದೆ ಬಿದ್ದಿರ್ತೀರ, ಜೀವಕ್ಕೆ ಕುತ್ತು ತರೋದು ಕಾಣದೇ ಇರೋದು. ಲಿವರಲ್ಲಿ ಸ್ಟೆಲ್ಲೇಟ್ ಸೆಲ್ ಅಂತ ಇರತ್ತೆ, ನಕ್ಷತ್ರದ ಆಕಾರ, ಮಾಮೂಲಿ ದಿನಗಳಲ್ಲಿ ವಿಟಮಿನ್ ಎ ಸಣ್ಣ ಸಣ್ಣ ಎಣ್ಣೆ ಹನಿಯಲ್ಲಿ ತುಂಬ್ಕೊಂಡು ತೆಪ್ಪಗೆ ಕೂತಿರತ್ತೆ. ಕೊಬ್ಬು, ಹೆಂಡ, ಹೆಪಟೈಟಿಸ್ ವೈರಸ್, ಯಾವುದೋ ಒಂದು ದಿನಾ ಲಿವರ್ ಸೆಲ್‌ಗಳನ್ನ ಸಾಯಿಸ್ತಾ ಇದ್ರೆ ಈ ಸೆಲ್ಲು ಎದ್ದು ವಿಟಮಿನ್ ಎ ಎಲ್ಲ ಚೆಲ್ಲಿ, ಮಯೋಫೈಬ್ರೋಬ್ಲಾಸ್ಟ್ ವೇಷ ಹಾಕತ್ತೆ. ತಂಗಿ ಕಾಲಲ್ಲಿರೋದೇ. ವ್ಯತ್ಯಾಸ ಏನಂದ್ರೆ, ಕಾಲು ಒಂದೇ ದಿನ ಸುಟ್ಟಿದ್ದು. ಲಿವರ್ ದಿನಾ ಒಂಚೂರು ಒಂಚೂರು ಸುಡ್ತಿದೆ. ಏರಿ ದಿನಾ ಒಡೀತಿದ್ರೆ ಮೂಟೆ ಒಟ್ಟೋದು ಹೆಂಗೆ ನಿಲ್ಲತ್ತೆ?

ಮೂಟೆ ವಾಪಸ್ ಹೋಗತ್ತಾ ಅಂದ್ರೆ, ಹೋಗತ್ತೆ. ನಾನು ಎಂಬಿಬಿಎಸ್ ಓದೋವಾಗ ಸಿರೋಸಿಸ್ ಅಂದ್ರೆ ವಾಪಸ್ ಬರದ ದಾರಿ ಅಂತಲೇ ಬರೆಸಿದ್ರು, ನಾನೂ ಪರೀಕ್ಷೆಯಲ್ಲಿ ಹಂಗೇ ಬರೆದು ಮಾರ್ಕ್ಸ್ ತಗೊಂಡೆ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹೆಪಟೈಟಿಸ್ ಬಿ ಇರೋ 348 ಜನಕ್ಕೆ ಟೆನೋಫೋವಿರ್ ಮಾತ್ರೆ ಐದು ವರ್ಷ ಕೊಟ್ಟು, ಶುರುವಲ್ಲೂ ಕೊನೆಯಲ್ಲೂ ಲಿವರ್ ಬಯಾಪ್ಸಿ ಮಾಡಿ ನೋಡಿದ್ರು. ಶುರುವಲ್ಲಿ ಸಿರೋಸಿಸ್ ಇದ್ದೋರು 96 ಜನ. ಐದು ವರ್ಷದ ಮೇಲೆ ಅದರಲ್ಲಿ 71 ಜನಕ್ಕೆ ಸಿರೋಸಿಸ್ ಇರ್ಲಿಲ್ಲ. ಆ ಮಾತ್ರೆ ಕಲೆ ಕರಗಿಸೋ ಮಾತ್ರೆ ಅಲ್ಲವೇ ಅಲ್ಲ, ವೈರಸ್ ತಡೆಯೋದಷ್ಟೇ. ಸುಡೋದು ನಿಂತ್ಮೇಲೆ ಲಿವರ್ ತಾನೇ ಕಲೆ ತಿಂದು ಹಾಕ್ತು, ಸ್ಟೆಲ್ಲೇಟ್ ಸೆಲ್ ಕೆಲವು ಸತ್ತು, ಕೆಲವು ಮತ್ತೆ ತೆಪ್ಪಗೆ ಕೂತ್ಕೋತವೆ. ಫ್ಯಾಟಿ ಲಿವರ್‌ಗೂ ಇದೇ ಲೆಕ್ಕ. ಕ್ಯೂಬಾದಲ್ಲಿ 293 ಜನರನ್ನ ಒಂದು ವರ್ಷ ಊಟ ವ್ಯಾಯಾಮದ ಮೇಲೆ ಇಟ್ಟು ಬಯಾಪ್ಸಿ ಮಾಡಿ 2015ರಲ್ಲಿ ಪ್ರಕಟ ಮಾಡಿದ್ರು, ದೇಹದ ತೂಕದ ಶೇಕಡಾ 10 ಅಥವಾ ಜಾಸ್ತಿ ಇಳಿಸಿದವ್ರಲ್ಲಿ 45 ಪರ್ಸೆಂಟ್ ಜನಕ್ಕೆ ಫೈಬ್ರೋಸಿಸ್ ಒಂದು ಹಂತವಾದ್ರೂ ಕೆಳಗಿಳಿದಿತ್ತು. ಅಷ್ಟು ಇಳಿಸಿದವ್ರು ಕಮ್ಮಿ ಜನ, ಅದೂ ನಿಜ. ಅಪ್ಪ 80 ಕೆಜಿ ಇದ್ರೆ 8 ಕೆಜಿ. ಔಷಧಿ ಅಂತ ಬಂದ್ರೆ ಅಮೆರಿಕದಲ್ಲಿ 2024ರ ಮಾರ್ಚಲ್ಲಿ ರೆಸ್ಮೆಟಿರೋಮ್, 2025ರ ಆಗಸ್ಟಲ್ಲಿ ಸೆಮಾಗ್ಲುಟೈಡ್, ಎರಡಕ್ಕೂ ಎಫ್2, ಎಫ್3 ಹಂತದ ಫ್ಯಾಟಿ ಲಿವರ್ ಉರಿಯೂತಕ್ಕೆ ಒಪ್ಪಿಗೆ ಸಿಕ್ಕಿದೆ. ಅಪ್ಪಂಗೆ ಶುಗರ್ ಬೇರೆ ಇರೋದ್ರಿಂದ ಎರಡನೇದರ ಬಗ್ಗೆ ನಿಮ್ಮ ಶುಗರ್ ಡಾಕ್ಟರ್ ಹತ್ರ ಬಾಯಿಬಿಟ್ಟು ಕೇಳಿ. ಲಂಗ್ಸ್ ಫೈಬ್ರೋಸಿಸ್‌ಗೆ ಮಾತ್ರ ಈ ಅದೃಷ್ಟ ಇನ್ನೂ ಬಂದಿಲ್ಲ, ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕ ಪಿರ್ಫೆನಿಡೋನ್, ನಿಂಟೆಡಾನಿಬ್ ಎರಡೂ ನಿಧಾನ ಮಾಡ್ತವೆ, ಹಿಂದಕ್ಕೆ ತರಲ್ಲ.

ಒಂದು ಮಾತು ಕೇಳ್ಬೇಕಿತ್ತು, ಅವತ್ತು ಸ್ಕ್ಯಾನ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಿದ್ರಾ? ಫೈಬ್ರೋಸ್ಕ್ಯಾನ್ ನೋಡೋದು ಕಲೆಯನ್ನಲ್ಲ, ಗಟ್ಟಿತನವನ್ನ, ಕಿಲೋಪಾಸ್ಕಲ್ ಲೆಕ್ಕದಲ್ಲಿ. ಹಣ್ಣಂಗಡಿಯಲ್ಲಿ ಕಲ್ಲಂಗಡಿ ತಟ್ಟಿ ನೋಡ್ತೀವಲ್ಲ, ಒಂದು ಸಣ್ಣ ತಟ್ಟು ಕೊಟ್ಟು ಅಲೆ ಎಷ್ಟು ಜೋರಾಗಿ ಓಡತ್ತೆ ಅಂತ ಅಳೀತದೆ. ಊಟ ಮಾಡಿ ಹೋದ್ರೆ ಲಿವರಿಗೆ ರಕ್ತ ಜಾಸ್ತಿ ಹರಿದು ನಂಬರ್ ಏರತ್ತೆ, ಉರಿಯೂತ ಜೋರಿದ್ರೂ ಏರತ್ತೆ. ದಾರಿಯಲ್ಲಿ ಬೆಣ್ಣೆದೋಸೆ ತಿಂದು ಹೋಗಿದ್ರೆ ಆ 11.2 ನಂಬಬೇಡಿ, ಕನಿಷ್ಠ ಮೂರು ಗಂಟೆ ಏನೂ ತಿನ್ನದೆ ಮತ್ತೊಂದು ಸಲ ಮಾಡಿಸಿ. ಹಾಗಂತ ಎಫ್3 ಸುಳ್ಳಿರಬಹುದು ಅಂತ ಆರಾಮಾಗಿ ಕೂರೋದೂ ಬೇಡ. ಕುಡಿಯೋ ಅಭ್ಯಾಸ ಇದ್ರೆ ಪೂರ್ತಿ ನಿಲ್ಲಿಸ್ಬೇಕು, ಅರ್ಧ ಅಲ್ಲ. ಲಿವರ್ ಕ್ಲೀನ್ ಮಾಡತ್ತೆ ಅಂತ ಮಾರೋ ಕಷಾಯ, ಪುಡಿ ಯಾವುದೂ ಬೇಡ, ಲಿವರ್ ಕೆಡಿಸ್ಕೊಂಡು ಬರೋರಲ್ಲಿ ಅದನ್ನ ಕುಡಿದು ಬಂದೋರೂ ಇರ್ತಾರೆ.

ಅಪ್ಪಂಗೆ ಶುಗರ್ ಅಂದ್ರಲ್ಲ, ದಿನಾ ರಾತ್ರಿ ಅವ್ರ ಪಾದ ನೋಡಿ, ನೀವೇ ನೋಡಿ. ಹಾವೇರಿ ಕಡೆಯ ರೈತರೊಬ್ಬರು ನನ್ನ ಓಪಿಗೆ ನಡ್ಕೊಂಡೇ ಬಂದಿದ್ರು, "ಸಾಹೇಬ್ರ, ಸಾಕ್ಸ್ ಒದ್ದೆ ಆಗಾಕತ್ತೈತಿ" ಅಂತ. ಚಪ್ಪಲಿ ಎತ್ತಿ ನೋಡಿದ್ರೆ ಅಡಿಯಿಂದ ಒಂದು ಸ್ಕ್ರೂ ಪೂರ್ತಿ ಒಳಗೆ ಬಂದಿತ್ತು, ಎಷ್ಟು ದಿನದಿಂದ ಚುಚ್ತಿತ್ತೋ ಅವ್ರಿಗೇ ಗೊತ್ತಿಲ್ಲ, ನೋವೇ ಇಲ್ಲ. ನೋವಿಲ್ದೆ ಇರೋದೇ ಕಾಯಿಲೆ ಅಂತ ಮೊದ್ಲು ಸರಿಯಾಗಿ ಹಿಡಿದವ್ರಲ್ಲಿ ಒಬ್ರು ವೆಲ್ಲೂರಿನ ಸಿಎಂಸಿಯಲ್ಲಿದ್ದ ಡಾಕ್ಟರ್ ಪಾಲ್ ಬ್ರಾಂಡ್, 1940ರ ದಶಕದ ಕೊನೆಯಿಂದ. ಕುಷ್ಠರೋಗಿಗಳ ಬೆರಳು ಕೊಳೆತು ಬೀಳಲ್ಲ, ನೋವು ಗೊತ್ತಾಗದೆ ಅವ್ರೇ ಬಳಸಿ ಬಳಸಿ ಹಾಳಾಗತ್ತೆ ಅಂತ. ಪಾದದ ಹುಣ್ಣಿಗೆ ಪ್ಲಾಸ್ಟರ್ ಹಾಕಿ ಭಾರ ಬೀಳದ ಹಾಗೆ ಮಾಡಿದ್ರೆ ಮುಲಾಮಿಲ್ದೇ ಮಾಗೋದನ್ನ ಅವ್ರು ಅಲ್ಲಿ ನೋಡಿದ್ರು. ಇವತ್ತಿಗೂ ಶುಗರ್ ಹುಣ್ಣಿಗೆ ಮೊದಲ ಮದ್ದು ಅದೇ, ಭಾರ ತೆಗೆಯೋದು. ಗ್ರೋತ್ ಫ್ಯಾಕ್ಟರ್ ಜೆಲ್ ಹಚ್ಚಿ ಅದೇ ಕಾಲಲ್ಲಿ ಗದ್ದೆಗೆ ಹೋದ್ರೆ ಜೆಲ್ಲಿನ ದುಡ್ಡು ಗದ್ದೆಗೆ ಹಾಕಿದ ಹಾಗೆ.

ಇನ್ನು ಆ ಎರಡು ಲಕ್ಷ. ಸ್ಟೆಮ್ ಸೆಲ್, ಅಂದ್ರೆ ಬೇರೆ ಬೇರೆ ಸೆಲ್ಲಾಗಿ ಬೆಳೆಯಬಲ್ಲ ಮೂಲ ಸೆಲ್ಲು, ಸುಳ್ಳು ಅಂತ ನಾನು ಹೇಳಲ್ಲ. 2015ರಲ್ಲಿ ಜರ್ಮನಿಯ ಬೋಖುಮ್‌ನಲ್ಲಿ ಸಿರಿಯಾದಿಂದ ಬಂದ ಏಳು ವರ್ಷದ ಹುಡುಗನೊಬ್ಬನಿಗೆ, ಹುಟ್ಟಿಂದ ಚರ್ಮ ಗುಳ್ಳೆ ಎದ್ದು ಕಿತ್ತು ಬರೋ ಕಾಯಿಲೆ, ಮೈ ಮೇಲೆ ಚರ್ಮವೇ ಹೆಚ್ಚು ಉಳಿದಿರ್ಲಿಲ್ಲ, ಇಟಲಿಯ ಮೋದೆನಾದ ದೆ ಲೂಕಾ ಗುಂಪು ಅವನದ್ದೇ ಚೂರು ಚರ್ಮ ತಗೊಂಡು, ಕೆಟ್ಟ ಜೀನ್ ಸರಿ ಮಾಡಿ, ಲ್ಯಾಬಲ್ಲಿ ಹಾಳೆ ಹಾಳೆಯಾಗಿ ಬೆಳೆಸಿ ಕೊಟ್ರು, ಸರ್ಜನ್‌ಗಳು ಮೈಯ ಸುಮಾರು 80 ಪರ್ಸೆಂಟ್ ಹೊದಿಸಿದ್ರು. ಹುಡುಗ ಉಳಿದ. ನಿಜವಾದ ಸ್ಟೆಮ್ ಸೆಲ್ ಚಿಕಿತ್ಸೆ ಅಂದ್ರೆ ಹಿಂಗಿರತ್ತೆ. ಒಂದೇ ಕಾಯಿಲೆ, ಆ ಕಾಯಿಲೆಗೆ ಬೇಕಾದ್ದೇ ಸೆಲ್ಲು, ಎಲ್ಲ ಅಚ್ಚಾಗಿ ಎಲ್ಲರ ಮುಂದೆ. ಅದ್ರಲ್ಲೂ ಬಂದಿದ್ದು ಮೇಲ್ಚರ್ಮ, ಬೆವರು ಗ್ರಂಥಿ ಬರ್ಲಿಲ್ಲ. ಕಾಲಿನ ಕಲೆಗೂ ಲಿವರಿಗೂ ಒಂದೇ ಬಾಟಲಿಯಿಂದ ಡ್ರಿಪ್ ಹಾಕ್ತೀವಿ ಅನ್ನೋದು ಯಾವ ಲೆಕ್ಕ? ನಮ್ಮ ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಗೈಡ್‌ಲೈನ್ಸ್ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡೋ ಬೋನ್ ಮ್ಯಾರೋ ತರದ್ದು ಬಿಟ್ರೆ ಉಳಿದ ಸ್ಟೆಮ್ ಸೆಲ್ ಬಳಕೆ ಕ್ಲಿನಿಕಲ್ ಟ್ರಯಲ್ ಒಳಗೆ ಮಾತ್ರ ಆಗ್ಬೇಕು. ಟ್ರಯಲ್ ಅಂದ್ರೆ ರೋಗಿ ಹತ್ರ ದುಡ್ಡು ತಗೊಳ್ಳೋ ಹಾಗಿಲ್ಲ. ಅವ್ರು ಎರಡು ಲಕ್ಷ ಕೇಳಿದ್ರು ಅನ್ನೋದ್ರಲ್ಲೇ ಉತ್ತರ ಇದೆ. ಇನ್ನೂ ಅನುಮಾನ ಇದ್ರೆ ಫೋನ್ ಮಾಡಿ ಟ್ರಯಲ್ ನೋಂದಣಿ ನಂಬರ್ ಎಷ್ಟು ಅಂತ ಕೇಳಿ, ಅದು ಸಿಟಿಆರ್‌ಐ ಅಂತ ಶುರು ಆಗತ್ತೆ. ಏನಂತಾರೋ ನೋಡಿ.

ತಂಗಿಗೆ ಸಿಲಿಕೋನ್ ಶೀಟ್ ಶುರು ಮಾಡೋ ದಿನ ಕಲೆಯ ಒಂದು ಫೋಟೋ ತೆಗೆದಿಡಿ, ಪಕ್ಕದಲ್ಲಿ ಸ್ಕೂಲ್ ಸ್ಕೇಲ್ ಇಟ್ಟು, ಬೆಳಿಗ್ಗೆ ಬಾಗಿಲ ಹತ್ರದ ಬೆಳಕಲ್ಲಿ. ಪ್ರತಿ ತಿಂಗಳೂ ಅದೇ ಜಾಗ ಅದೇ ಬೆಳಕು. ದಿನಾ ನೋಡ್ತಾ ಇದ್ರೆ ಏನೂ ಬದಲಾಗ್ತಿಲ್ಲ ಅನ್ಸತ್ತೆ, ಮೂರನೇ ತಿಂಗಳು ಬಿಟ್ಟುಬಿಡ್ತಾರೆ. ಅಪ್ಪನ ಮುಂದಿನ ಫೈಬ್ರೋಸ್ಕ್ಯಾನ್ ರಿಪೋರ್ಟ್ ಬಂದಾಗ ಅವತ್ತಿನ ತೂಕವನ್ನೂ ಅದರ ಮೇಲೇ ಪೆನ್ನಲ್ಲಿ ಬರೆದು ಕಳ್ಸಿ, ಎರಡೂ ನಂಬರ್ ಒಟ್ಟಿಗೆ ನೋಡೋಣ.